ಎರಿಕ್ ಸಾತಿ

ಎರಿಕ್ ಸಾತಿ (ಮೇ 17, 1866 – ಜುಲೈ 1, 1925) ಫ್ರಾನ್ಸ್ ದೇಶದ ಸಂಗೀತ ಸಂಯೋಜಕರು ಹಾಗೂ ಪಿಯಾನೊ ವಾದಕರು. ಇವರ ಕೀರ್ತಿ ಹೆಚ್ಚಾಗಿ ಪಿಯಾನೊ ಕೃತಿಗಳಿಂದ ಬಂದಿದ್ದರೂ, ಇವರ ಪ್ರಯೋಗಶೀಲತೆ ಹಾಡುಗಳಲ್ಲಿಯೂ ಚಲನಚಿತ್ರ ಸಂಗೀತದಲ್ಲಿಯೂ ಅಷ್ಟೇ ಸ್ಪಷ್ಟವಾಗಿದೆ.

ಜೀವನ

ನಾರ್ಮಂಡಿಯ ಒಂಫ್ಲರ್ ಪಟ್ಟಣದಲ್ಲಿ ಜನಿಸಿದ ಸಾತಿ ಆರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. 1879ರಲ್ಲಿ ಪ್ಯಾರಿಸ್ಸಿನ ಸಂಗೀತ ವಿದ್ಯಾಲಯವನ್ನು ಸೇರಿದಾಗ ಅಧ್ಯಾಪಕರು ಇವರನ್ನು ಸೋಮಾರಿಯೆಂದು ಪರಿಗಣಿಸಿದರು. ಇಂದು ಜಗತ್ಪ್ರಸಿದ್ಧವಾಗಿರುವ ಮೂರು ‘ಜಿಮ್ನೋಪೆದಿ’ಗಳು 1888ರ ರಚನೆಗಳು. 1898ರಲ್ಲಿ ಹಣದ ಅಡಚಣೆಯಿಂದ ಹೊರವಲಯದ ಅರ್ಕೇಯ್‌ಗೆ ವಾಸ ಬದಲಿಸಿ, ಅಲ್ಲಿಂದ ಪ್ಯಾರಿಸ್ಸಿಗೆ ಹಲವು ಕಿಲೋಮೀಟರ್ ನಡೆದೇ ಹೋಗಿಬರುತ್ತಿದ್ದರು.

ಹಾಡುಗಳು

ಮೊಂಮಾರ್ತ್ರ್ ಪ್ರದೇಶದ ಕ್ಯಾಬರೆಗಳಲ್ಲಿ ಗಾಯಕರಿಗೆ ಪಿಯಾನೊ ನುಡಿಸುವುದು ಇವರ ಜೀವನೋಪಾಯವಾಗಿತ್ತು. ಗಾಯಕಿ ಪೋಲೆತ್ ದಾರ್ತಿ ಹಾಡಿ ಜನಪ್ರಿಯಗೊಳಿಸಿದ ‘ಜ ತ ವ’ ಎಂಬ ಪ್ರೇಮಗೀತೆ ಈ ಕಾಲದ್ದು. ಹೊಟ್ಟೆಪಾಡಿಗಾಗಿ ಬರೆದ ಇಂತಹ ಹಾಡುಗಳನ್ನು ಸಾತಿ ಸ್ವತಃ ಕೀಳಾಗಿ ಕಂಡರು. ಈ ತೀರ್ಮಾನ ಕಠೋರವೆನ್ನಬೇಕು. ಎದುರಿಗೆ ಕುಳಿತವರೊಡನೆ ಮಾತನಾಡುವಂತಹ ಸರಳತೆ ಅವುಗಳಲ್ಲಿದೆ. 1905ರಲ್ಲಿ, 39ನೆಯ ವಯಸ್ಸಿನಲ್ಲಿ, ಇವರು ಮತ್ತೆ ವಿದ್ಯಾರ್ಥಿಯಾಗಿ ಸ್ಕೋಲಾ ಕಾಂಟೋರಮ್ ಸಂಸ್ಥೆಯನ್ನು ಸೇರಿದರು. ಪ್ಲೇಟೋವಿನ ಸಂವಾದಗಳ ಫ್ರೆಂಚ್ ಅನುವಾದವನ್ನು ಆಧರಿಸಿದ ‘ಸೊಕ್ರಾತ್’ ಎಂಬ ಗಾಯನಕೃತಿ ಸಾಕ್ರಟೀಸನ ಮರಣವನ್ನೂ ಅಬ್ಬರವಿಲ್ಲದೆ ನಿರೂಪಿಸುತ್ತದೆ.

ಚಲನಚಿತ್ರ ಸಂಗೀತ

1917ರ ‘ಪರಾದ್’ ಬ್ಯಾಲೆಯಲ್ಲಿ ಬೆರಳಚ್ಚು ಯಂತ್ರ, ಸೈರನ್ ಮತ್ತು ಪಿಸ್ತೂಲಿನ ಸದ್ದುಗಳು ವಾದ್ಯವೃಂದದೊಡನೆ ಸೇರಿದವು. 1920ರಲ್ಲಿ ಸಾತಿ ‘ಪೀಠೋಪಕರಣ ಸಂಗೀತ’ವನ್ನು ಪ್ರಯೋಗಿಸಿದರು. ಕೋಣೆಯ ಕುರ್ಚಿ ಮೇಜುಗಳಂತೆ, ಗಮನ ಬೇಡದೆ ಸುಮ್ಮನೆ ಇರುವ ಸಂಗೀತ ಅದು. ಸಭಿಕರು ಮಾತ್ರ ಮೌನವಾಗಿ ಕುಳಿತು ಕೇಳತೊಡಗಿದರು.

ಈ ಕಲ್ಪನೆ ನೆಲೆ ಕಂಡದ್ದು ಚಲನಚಿತ್ರದಲ್ಲಿ. 1924ರ ‘ರೆಲಾಶ್’ ಬ್ಯಾಲೆಯ ವಿರಾಮದಲ್ಲಿ ಪ್ರದರ್ಶಿಸಲು ರೆನೆ ಕ್ಲೇರ್ ನಿರ್ದೇಶಿಸಿದ ‘ಆಂತ್ರಾಕ್ತ್’ ಎಂಬ ಮೂಕಿಚಿತ್ರಕ್ಕೆ ಸಾತಿ ಸಂಗೀತ ರಚಿಸಿದರು. ದೃಶ್ಯದ ಭಾವವನ್ನು ಸಂಗೀತವು ಅನುಕರಿಸುವುದಿಲ್ಲ. ಚಿಕ್ಕ ಚಿಕ್ಕ ಸ್ವರಖಂಡಗಳು ಮರಳಿ ಮರಳಿ ಬಂದು, ದೃಶ್ಯ ಬದಲಾದಾಗ ತಾವೂ ಬದಲಾಗುತ್ತವೆ. ಒಂದೇ ಖಂಡವನ್ನು ಬೇಕಾದಷ್ಟು ಸಲ ನುಡಿಸಬಹುದಾದ್ದರಿಂದ, ವಾದ್ಯವೃಂದವು ತೆರೆಯ ಮೇಲಿನ ಚಿತ್ರದೊಡನೆ ಹೊಂದಿಕೊಳ್ಳಲು ಸಾಧ್ಯವಾಯಿತು. ಚಿತ್ರದ ಆರಂಭದಲ್ಲಿ, ಛಾವಣಿಯ ಮೇಲೆ ಫಿರಂಗಿಯ ಪಕ್ಕದಲ್ಲಿ ಕಲಾವಿದ ಪಿಕಾಬಿಯಾ ಅವರೊಡನೆ ಸಾತಿಯೂ ಜಿಗಿಯುತ್ತಾ ಕಾಣಿಸಿಕೊಳ್ಳುತ್ತಾರೆ.

ನಿಧನ

ಯಕೃತ್ತಿನ ಕಾಯಿಲೆಯಿಂದ ಸಾತಿ ಪ್ಯಾರಿಸ್ಸಿನಲ್ಲಿ ನಿಧನರಾದರು. 27 ವರ್ಷ ಯಾರನ್ನೂ ಒಳಗೆ ಬಿಡದಿದ್ದ ಅರ್ಕೇಯ್‌ನ ಕೋಣೆಯನ್ನು ಅನಂತರ ಸ್ನೇಹಿತರು ಪ್ರವೇಶಿಸಿದಾಗ ಕಂಡದ್ದು ಧೂಳು, ಹತ್ತಾರು ಛತ್ರಿಗಳು ಮತ್ತು ಕಳೆದುಹೋದವೆಂದು ಭಾವಿಸಿದ್ದ ಹಸ್ತಪ್ರತಿಗಳು.