ಮರಳಿ ಹೋದ ಅಕ್ಕಿ

ಲಿಂಗಸುಗೂರು ತಾಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯನವರ ಊರು. 12ನೆಯ ಶತಮಾನದಲ್ಲಿ ಪತ್ನಿ ಲಕ್ಕಮ್ಮನವರೊಡನೆ ಕಲ್ಯಾಣವನ್ನು ಸೇರಿದ ಈ ಶರಣರು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದರೆಂದು ಪರಂಪರೆಯು ಹೇಳುತ್ತದೆ. ಲಕ್ಕಮ್ಮನವರು ಒಪ್ಪಲಿಲ್ಲ; ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದರು. ದಾಸೋಹಕ್ಕೆಂದೇ ದುಡಿದು ಬಂದವರಿಗೆ ಇಂತಹ ಮಾತು ನಾಟದಿರುವುದೇ? ನಾವಾಗಿದ್ದರೆ ಗಂಗಾಳವನ್ನು ದೂಡಿ ಎದ್ದುಬಿಡುತ್ತಿದ್ದೆವು! ಮಾರಯ್ಯನವರು ಮುನಿಯಲಿಲ್ಲ. ಹೇಳಿದವರು ಹೆಂಡತಿಯೆಂದು ಎಣಿಸದೆ, ಹೇಳಿದುದು ದಿಟವೇ ಎಂಬುದನ್ನಷ್ಟೇ ನೋಡಿದರು. ಅಕ್ಕಿಯನ್ನು ಹೊತ್ತು ಮರಳಿದರು. ಅನುಭಾವಗೋಷ್ಠಿಯಲ್ಲಿ ಅವರು ಮೈಮರೆತಾಗ ಕಾಯಕವನ್ನು ನೆನಪಿಗೆ ತಂದವರೂ ಆಕೆಯೇ. ಹೀಗೆ ಪತಿಯನ್ನು ತಿದ್ದಿದ ಆ ತಾಯಿಯು ತನ್ನ ವಚನಗಳ ಅಂಕಿತದಲ್ಲಿ ಮಾರಯ್ಯನವರ ಹೆಸರನ್ನೇ ಇರಿಸಿಕೊಂಡಿದ್ದಾಳೆ.