ಗುಂಡಿಗೆಗೆ ಬಿಡುವು ಕೊಟ್ಟ ಜಾನ್ ಗಿಬ್ಬನ್

ತಾಯಿಯ ಗರ್ಭದಲ್ಲಿ ಬಡಿಯತೊಡಗಿದ ಗುಂಡಿಗೆ ಕೊನೆಯುಸಿರಿನವರೆಗೂ ವಿರಾಮವನ್ನರಿಯದು. ಮಿಡಿಯುತ್ತಿರುವ ಗುಂಡಿಗೆಯನ್ನು ತೆರೆದು ಸರಿಪಡಿಸುವುದು ಹೇಗೆ? ಕೆಲವೇ ನಿಮಿಷ ಮಿದುಳಿಗೆ ರಕ್ತ ಹರಿಯದಿದ್ದರೂ ಪ್ರಾಣಕ್ಕೆ ಅಪಾಯ. ಈ ತೊಡಕನ್ನು ಬಿಡಿಸಿದವರಲ್ಲಿ ಅಗ್ರಗಣ್ಯರು ಅಮೆರಿಕಾದ ಶಸ್ತ್ರವೈದ್ಯ ಜಾನ್ ಗಿಬ್ಬನ್.

ಅವರು 1903ರಲ್ಲಿ ಫಿಲಡೆಲ್ಫಿಯಾದ ವೈದ್ಯ ಮನೆತನವೊಂದರಲ್ಲಿ ಜನಿಸಿದರು. ಕಲಾ ವಿದ್ಯಾರ್ಥಿಯಾದ ನನಗೆ ಅವರು ಹತ್ತಿರದವರೆನಿಸಲು ಒಂದು ಕಾರಣವುಂಟು: ವೈದ್ಯ ವ್ಯಾಸಂಗವನ್ನು ನಡುವೆಯೇ ಬಿಟ್ಟು ಸಾಹಿತಿಯಾಗಬೇಕೆಂದು ಅವರು ಹಂಬಲಿಸಿದ್ದರು. ತಂದೆಯ ಮಾತಿಗೆ ಮಣಿದು 1927ರಲ್ಲಿ ಜೆಫರ್ಸನ್ ವೈದ್ಯಕೀಯ ಕಾಲೇಜಿನ ಪದವಿ ಪಡೆದರು.

ಮುಂದೆ ಬೋಸ್ಟನ್ನಿನಲ್ಲಿ ಸಂಶೋಧನೆಗೆಂದು ಇದ್ದಾಗ ಅಲ್ಲಿನ ರೋಗಿಯೊಬ್ಬಳ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಗಿಬ್ಬನ್ನರು ರಾತ್ರಿಯೆಲ್ಲ ಅವಳ ನಾಡಿ ನೋಡುತ್ತ ಕುಳಿತರು. ಬೆಳಗ್ಗೆ ಹಿರಿಯ ವೈದ್ಯರು ಹೆಪ್ಪನ್ನು ತೆಗೆದರೂ ಅವಳು ಬದುಕಲಿಲ್ಲ. ರಕ್ತವನ್ನು ಹೊರಕ್ಕೆಳೆದು, ಪ್ರಾಣವಾಯು ಬೆರೆಸಿ, ಮತ್ತೆ ದೇಹಕ್ಕೆ ಕಳುಹಿಸುವ ಯಂತ್ರದ ಯೋಚನೆ ಅಂದು ಹುಟ್ಟಿತು.

ಬಲ್ಲವರಲ್ಲಿ ಹಲವರು ಇದಾಗದ ಕೆಲಸವೆಂದರು. ಪತ್ನಿ ಮೇರಿಯವರು ಮಾತ್ರ ಪ್ರಯೋಗಶಾಲೆಯಲ್ಲಿ ಹೆಗಲು ಕೊಟ್ಟರು. 1935ರಲ್ಲಿ ಬೆಕ್ಕೊಂದು ಯಂತ್ರದ ಆಸರೆಯಲ್ಲಿ ಜೀವ ಹಿಡಿದುಕೊಂಡಿತು. ಯುದ್ಧಾನಂತರ ಐ.ಬಿ.ಎಂ. ಕಂಪೆನಿಯ ಎಂಜಿನಿಯರುಗಳು ನೆರವಾದರು. ಹೊಸ ಯಂತ್ರದಲ್ಲಿ ರಕ್ತವು ತಂತಿಬಲೆಗಳ ಮೇಲೆ ತೆಳ್ಳಗೆ ಇಳಿಯುತ್ತ ಪ್ರಾಣವಾಯುವನ್ನು ಹೀರಿಕೊಳ್ಳುತ್ತಿತ್ತು.

1952ರಲ್ಲಿ ಮೊದಲ ರೋಗಿಯಾದ ಹಸುಗೂಸು ತೀರಿಕೊಂಡಿತು. 1953ರ ಮೇ 6ರಂದು 18 ವರ್ಷದ ತರುಣಿಯೊಬ್ಬಳ ಹೃದಯದ ಗೋಡೆಯ ರಂಧ್ರವನ್ನು ಹೊಲಿಯುವಾಗ 26 ನಿಮಿಷ ಅವಳ ಗುಂಡಿಗೆ, ಶ್ವಾಸಕೋಶಗಳ ಕೆಲಸವನ್ನೆಲ್ಲ ಯಂತ್ರವೇ ನಡೆಸಿತು. ಅವಳು ಗುಣಮುಖಳಾದಳು. ಆದರೆ ಜುಲೈ ತಿಂಗಳಲ್ಲಿ ಇಬ್ಬರು ಪುಟ್ಟ ಹುಡುಗಿಯರು ಉಳಿಯಲಿಲ್ಲ.

ಗಿಬ್ಬನ್ನರು ಕೈ ತಡೆದರು. ಇನ್ನಷ್ಟು ತಿಳಿಯುವವರೆಗೆ ಯಂತ್ರವನ್ನು ಮನುಷ್ಯರಿಗೆ ಬಳಸಕೂಡದೆಂದು ನಿಶ್ಚಯಿಸಿದರು. ಮುಂದೆ ತಾವು ಅಂಥ ಶಸ್ತ್ರಚಿಕಿತ್ಸೆಗೆ ಇಳಿಯಲಿಲ್ಲ. ಕೀರ್ತಿ ಮನೆಬಾಗಿಲಿಗೆ ಬಂದಿದ್ದಾಗ ಹಾಗೆ ಹಿಂದೆ ಸರಿಯುವುದು ಸುಲಭವೆ? ಅವರ ಯಂತ್ರಕ್ಕಿಂತಲೂ ಈ ನಿಲುವೇ ದೊಡ್ಡದೆಂದು ನಾನು ಬಗೆಯುತ್ತೇನೆ. 1955ರಲ್ಲಿ ಮೇಯೊ ಕ್ಲಿನಿಕ್ಕಿನ ಕರ್ಕ್ಲಿನ್ನರು ಅದೇ ಮಾದರಿಯನ್ನು ಸುಧಾರಿಸಿ ಬಳಕೆಗೆ ತಂದರು.

1969ರಲ್ಲಿ ಹ್ಯೂಸ್ಟನ್ನಿನಲ್ಲಿ ಡೆಂಟನ್ ಕೂಲಿಯವರು ಮನುಷ್ಯನ ಎದೆಯಲ್ಲಿ ಮೊದಲ ಬಾರಿಗೆ ಕೃತಕ ಹೃದಯವನ್ನು ಕೂಡಿಸಿದರು. ಅದು ಸುಮಾರು 64 ಗಂಟೆ ದುಡಿಯಿತು. ಹಳೆಯ ಗುಂಡಿಗೆಯನ್ನು ತೆಗೆದು ಹೊಸದನ್ನು ಹೊಲಿಯುವ ನಡುವೆ ರೋಗಿಯನ್ನು ಉಳಿಸಿದ್ದು ಗಿಬ್ಬನ್ನರು ತೋರಿದ ದಾರಿಯೇ. ಅವರು 1973ರಲ್ಲಿ ಟೆನ್ನಿಸ್ ಆಡುತ್ತಿದ್ದಾಗ ಹೃದಯಾಘಾತದಿಂದ ನಿಧನರಾದರು. ಇಂದಿಗೂ ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಡೆಯುವ ಕೊಠಡಿಗಳಲ್ಲಿ ಆ ಯಂತ್ರದ ಸಂತತಿ ಹಗಲಿರುಳು ದುಡಿಯುತ್ತಿದೆ.