ಶಿಶುನಾಳದ ಶರೀಫ ಸಾಹೇಬರು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ದಟ್ಟವಾದ ಕಾಡುಗಳನ್ನೂ ಅಡಕೆಯ ತೋಟಗಳನ್ನೂ ಹಿಂದೆ ಬಿಟ್ಟು, ಮುಂಡಗೋಡದ ಮಾರ್ಗವಾಗಿ ಮೂಡಣ ದಿಕ್ಕಿಗೆ ಸಾಗಿದರೆ, ಮಲೆನಾಡಿನ ಏರಿಳಿತಗಳು ಮೆಲ್ಲಮೆಲ್ಲನೆ ಅಡಗಿ ಬಯಲುಸೀಮೆ ತೆರೆದುಕೊಳ್ಳುತ್ತದೆ. ಹಸುರು ಕಾಡುಗಳಿದ್ದೆಡೆಯಲ್ಲಿ ಜೋಳ, ಹತ್ತಿಗಳ ಹೊಲಗಳು ಕಣ್ಣಿಗೆ ಬೀಳುತ್ತವೆ. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕು ಈ ಬಯಲುಸೀಮೆಗೆ ಸೇರಿದುದು. ಕನಕದಾಸರ ಜನ್ಮಸ್ಥಳವಾದ ಬಾಡವು ಈ ತಾಲ್ಲೂಕಿನಲ್ಲಿಯೇ ಇದೆ. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠವೂ ಇಲ್ಲಿಗೆ ದೂರವಲ್ಲ. ಇಂತಹ ನೆಲದಲ್ಲಿ ಶಿಶುವಿನಹಾಳ ಎಂಬ ಒಂದು ಚಿಕ್ಕ ಹಳ್ಳಿಯಿದೆ. ಅದನ್ನು ಶಿಶುನಾಳವೆಂದೂ ಕರೆಯುತ್ತಾರೆ. ಆ ಹಳ್ಳಿಯ ಹೆಸರು ಕನ್ನಡ ನಾಡಿನ ಮೂಲೆಮೂಲೆಗೂ ತಿಳಿಯುವಂತಾದುದು ಅಲ್ಲಿ ಹುಟ್ಟಿ, ಅಲ್ಲಿಯೇ ಮಣ್ಣಾದ ಶರೀಫ ಸಾಹೇಬರಿಂದ.

ಶರೀಫರು ಹುಟ್ಟಿದುದು 1819ರಲ್ಲಿ. ಪೇಶ್ವೆಯವರ ಆಳ್ವಿಕೆಯು ಕೊನೆಗೊಂಡು, ಧಾರವಾಡದ ಸೀಮೆಯು ಇಂಗ್ಲಿಷರ ಕೈಸೇರಿದ ಕಾಲವದು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಈ ದಂಪತಿಗಳು ಬಡವರಾದರೂ ದೈವಭಕ್ತರು. ಸಮೀಪದ ಹುಲಗೂರಿನಲ್ಲಿರುವ ಖಾದರಿ ಪಂಥದ ಸೂಫಿ ಸಂತರಲ್ಲಿ ಅವರಿಗೆ ಅಪಾರವಾದ ಶ್ರದ್ಧೆ. ಆ ಸಂತರ ಕೃಪೆಯಿಂದಲೇ ತಮಗೆ ಮಗನು ಹುಟ್ಟಿದನೆಂದು ಅವರು ನಂಬಿದ್ದರಂತೆ. ಮಗುವಿಗೆ ಮಹಮ್ಮದ ಶರೀಫನೆಂದು ಹೆಸರಿಟ್ಟರು.

ಶರೀಫರ ವಿದ್ಯಾಭ್ಯಾಸವು ಊರಿನ ಕೂಲಿಮಠದಲ್ಲಿ ಆರಂಭವಾಯಿತು. ಅಂದಿನ ಹಳ್ಳಿಗಳಲ್ಲಿ ಓದು ಬರಹ ಬಲ್ಲವರೇ ವಿರಳ. ಬಾಲಕ ಶರೀಫರು ಕನ್ನಡವನ್ನು ಚೆನ್ನಾಗಿ ಕಲಿತು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಮನೆಯಲ್ಲಿ ಕುರಾನಿನ ಪಠಣ ಕಿವಿಗೆ ಬೀಳುತ್ತಿದ್ದರೆ, ಊರ ಗುಡಿಯ ಕಟ್ಟೆಯ ಮೇಲೆ ರಾಮಾಯಣ, ಮಹಾಭಾರತಗಳ ಕಥೆಗಳೂ ಅಲ್ಲಮಪ್ರಭುವಿನ ಮಹಿಮೆಯನ್ನು ಹೇಳುವ ಪ್ರಭುಲಿಂಗಲೀಲೆಯೂ ಕೇಳಿಸುತ್ತಿದ್ದವು. ಬಯಲಾಟಗಳಲ್ಲಿಯೂ ಭಜನೆಯ ಮೇಳಗಳಲ್ಲಿಯೂ ಅವರಿಗೆ ಬಹಳ ಆಸಕ್ತಿ. ಹೀಗೆ ಎರಡು ಧರ್ಮಗಳ ಮಾತುಗಳು ಎಳವೆಯಿಂದಲೇ ಅವರ ಮನಸ್ಸಿನಲ್ಲಿ ಒಂದರ ಪಕ್ಕದಲ್ಲೊಂದು ನೆಲೆಸಿದವು.

ಓದು ಮುಗಿದ ಮೇಲೆ ಶರೀಫರು ಕೆಲಕಾಲ ಸುತ್ತಲಿನ ಹಳ್ಳಿಗಳಲ್ಲಿ ಶಾಲೆಯ ಮಾಸ್ತರರಾಗಿ ಕೆಲಸ ಮಾಡಿದರು. ಬಡ ಮನೆತನಕ್ಕೆ ಆ ಸಂಬಳವು ಸಣ್ಣ ಆಧಾರವಾಗಿರಲಿಲ್ಲ. ಆದರೆ ಅವರ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ಹುಟ್ಟು ಸಾವುಗಳ ಅರ್ಥವೇನು, ದೇವರು ಎಲ್ಲಿದ್ದಾನೆ, ಮನುಷ್ಯನು ಬಾಳಬೇಕಾದ ಬಗೆ ಯಾವುದು ಎಂಬ ಪ್ರಶ್ನೆಗಳು ಅವರನ್ನು ಕಾಡುತ್ತಿದ್ದವು. ಕೊನೆಗೆ ಅವರು ಮಾಸ್ತರಿಕೆಯನ್ನು ಬಿಟ್ಟರು. ದಾರಿ ತೋರಿಸಬಲ್ಲ ಗುರುವಿನ ಆಶ್ರಯವೊಂದೇ ಅವರಿಗೆ ಬೇಕಾಗಿತ್ತು.

ಆ ಗುರು ಅವರಿಗೆ ದೊರೆತುದು ಕಳಸ ಗ್ರಾಮದಲ್ಲಿ. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿಗೆ ಸೇರಿದ ಈ ಗ್ರಾಮದಲ್ಲಿ ಗೋವಿಂದಭಟ್ಟರೆಂಬ ಸ್ಮಾರ್ತ ಬ್ರಾಹ್ಮಣರಿದ್ದರು. ಅವರು ಶಾಸ್ತ್ರಗಳನ್ನು ಬಲ್ಲವರು, ದೇವಿಯ ಉಪಾಸಕರು. ಆದರೆ ಶಾಸ್ತ್ರದ ಹೆಸರಿನಲ್ಲಿ ಮನುಷ್ಯರನ್ನು ದೂರವಿಡುವುದು ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಯಾರೇ ಆಗಲಿ ತಿಳಿವಳಿಕೆಯನ್ನು ಅರಸಿ ಬಂದರೆ ಅವರು ಜಾತಿಯನ್ನು ಕೇಳುತ್ತಿರಲಿಲ್ಲ. ಇದರಿಂದಾಗಿ ಊರವರಲ್ಲಿ ಕೆಲವರು ಅವರನ್ನು ವಿಚಿತ್ರ ಸ್ವಭಾವದವರೆಂದು ಭಾವಿಸಿದ್ದರು.

ಗುರುಶಿಷ್ಯರ ಮೊದಲ ಭೇಟಿಯ ವಿಷಯವಾಗಿ ಜನರು ಒಂದು ಕಥೆಯನ್ನು ಹೇಳುತ್ತ ಬಂದಿದ್ದಾರೆ. ಭಟ್ಟರು ಶರೀಫರನ್ನು ನೋಡಿ ಅವರ ತಂದೆ ಯಾರೆಂದು ವಿಚಾರಿಸಿದರಂತೆ. ತಮ್ಮಿಬ್ಬರ ತಂದೆಯೂ ಒಬ್ಬನೇ ಎಂಬ ಅರ್ಥದಲ್ಲಿ ಶರೀಫರು ಉತ್ತರ ಕೊಟ್ಟರಂತೆ. ಅಲ್ಲಿ ನೆರೆದಿದ್ದವರು ಇದನ್ನು ಉದ್ಧಟತನವೆಂದು ತಿಳಿದು ಸಿಟ್ಟಾದರು. ಭಟ್ಟರಿಗಾದರೋ ಆ ಮಾತಿನ ಒಳಗಿನ ಅರ್ಥ ಹೊಳೆಯಿತು. ಜಗತ್ತಿಗೆಲ್ಲ ತಂದೆಯಾದ ದೇವರನ್ನೇ ಈ ತರುಣನು ಸೂಚಿಸಿದನೆಂದು ಅರಿತ ಅವರು ಬೆನ್ನು ತಟ್ಟಿ, ಇದು ಹದವಾದ ಹೊಲ, ಬಿತ್ತಿದರೆ ಬೆಳೆ ಬಂದೀತು ಎಂದು ಸಂತೋಷಪಟ್ಟರಂತೆ. ಅಂದಿನಿಂದ ಆರಂಭವಾದ ಸಂಬಂಧವು ಬಾಳಿನ ಉದ್ದಕ್ಕೂ ಸಡಿಲಲಿಲ್ಲ.

ಈ ಸ್ನೇಹದ ಬೆಲೆಯನ್ನು ತಿಳಿಯಬೇಕಾದರೆ ಅಂದಿನ ಸಮಾಜದ ಕಟ್ಟುಪಾಡುಗಳನ್ನು ನೆನೆಯಬೇಕು. ಆ ಕಾಲದಲ್ಲಿ ಯಾರ ಮನೆಯ ನೀರನ್ನು ಯಾರು ಕುಡಿಯಬೇಕು, ಯಾರ ಪಂಕ್ತಿಯಲ್ಲಿ ಯಾರು ಕುಳಿತು ಉಣ್ಣಬೇಕು ಎಂಬುದಕ್ಕೆಲ್ಲ ಕಟ್ಟುನಿಟ್ಟಾದ ನಿಯಮಗಳಿದ್ದವು. ಅವುಗಳನ್ನು ಮೀರಿದವರಿಗೆ ಬಹಿಷ್ಕಾರ ಕಾದಿರುತ್ತಿತ್ತು. ಬಹಿಷ್ಕೃತನ ಮನೆಗೆ ಪುರೋಹಿತರು ಬರುತ್ತಿರಲಿಲ್ಲ. ಅವನ ಮನೆಯ ಮದುವೆ, ಶ್ರಾದ್ಧಗಳಿಗೆ ನೆಂಟರು ಕಾಲಿಡುತ್ತಿರಲಿಲ್ಲ. ಇಂತಹ ದಿನಗಳಲ್ಲಿ ಗೋವಿಂದಭಟ್ಟರು ಮುಸಲ್ಮಾನ ತರುಣನೊಬ್ಬನನ್ನು ಮನೆಯೊಳಗೆ ಕರೆದುಕೊಂಡರು. ಮಗನಂತೆ ಕಂಡು ಅನ್ನವಿಕ್ಕಿದರು. ಸ್ವಜನರು ಆಕ್ಷೇಪಿಸಿದರು, ನಿಂದಿಸಿದರು. ಭಟ್ಟರು ಅದನ್ನು ಲೆಕ್ಕಿಸಲಿಲ್ಲ. ಶರೀಫರ ಕಡೆಯಲ್ಲಿಯೂ ಇದೇ ಸ್ಥಿತಿ. ಬ್ರಾಹ್ಮಣನೊಬ್ಬನ ಕಾಲಿಗೆ ಎರಗುವ ಈತನು ತಮ್ಮ ಮತವನ್ನು ಬಿಟ್ಟನೆಂದು ಅವರ ಸಮಾಜದ ಹಲವರು ಕೋಪಗೊಂಡರು. ಹೀಗೆ ಎರಡು ಕಡೆಯ ಬಿರುನುಡಿಗಳನ್ನೂ ಕೇಳಿಸಿಕೊಂಡು ಗುರುಶಿಷ್ಯರು ಜೊತೆಯಾಗಿಯೇ ಉಳಿದರು. ಮಠ, ಜಾತ್ರೆ, ಸಂತೆಗಳೆನ್ನದೆ ಇಬ್ಬರೂ ಕೂಡಿಯೇ ತಿರುಗಿದರು. ದಾರಿಯಲ್ಲಿ ಕಂಡ ಪ್ರತಿಯೊಂದು ವಸ್ತುವೂ ಅವರಿಗೆ ಪಾಠದ ವಿಷಯವಾಗುತ್ತಿತ್ತು.

ಒಮ್ಮೆ ಗೋವಿಂದಭಟ್ಟರು ಶರೀಫರ ಕೊರಳಿಗೆ ಜನಿವಾರವನ್ನೇ ಹಾಕಿದರು. ಉಪನಯನವಾದವರು ಮಾತ್ರ ಧರಿಸಬಹುದಾದ ಆ ಪವಿತ್ರ ಸೂತ್ರವನ್ನು ಅನ್ಯಮತದವನಿಗೆ ಕೊಡುವುದೆಂದರೆ ಅಂದಿನ ಜನರಿಗೆ ಊಹಿಸಲೂ ಆಗದ ಸಂಗತಿ. ತಮ್ಮಲ್ಲಿದ್ದ ಅತ್ಯಂತ ಬೆಲೆಯುಳ್ಳ ವಸ್ತುವನ್ನು ಶಿಷ್ಯನೊಡನೆ ಹಂಚಿಕೊಳ್ಳಬೇಕೆಂಬುದೇ ಭಟ್ಟರ ಬಯಕೆಯಾಗಿತ್ತು. ಶರೀಫರು ಈ ಪ್ರಸಂಗವನ್ನು ಕುರಿತು ಒಂದು ಪದವನ್ನೇ ಕಟ್ಟಿ ಹಾಡಿದ್ದಾರೆ. ಆ ದಾರವು ಅವರಿಗೆ ಕುಲದ ಗುರುತಾಗಿರಲಿಲ್ಲ. ಗುರುವಿನ ಪ್ರೀತಿಯ ಗುರುತಾಗಿತ್ತು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಭಟ್ಟರು ಶಿಷ್ಯನಿಗೆ ಮತವನ್ನು ಬಿಡೆಂದು ಹೇಳಲಿಲ್ಲ, ಶರೀಫರೂ ಬಿಡಲಿಲ್ಲ. ಜನಿವಾರ ಧರಿಸಿದ ಮೇಲೆಯೂ ಅವರು ಶರೀಫ ಸಾಹೇಬರಾಗಿಯೇ ಉಳಿದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಇಡೀ ಊರಿನ ಹಬ್ಬ. ಹಿಂದೂಗಳೂ ಹರಕೆ ಹೊತ್ತು ಅಲಾಯಿ ದೇವರಿಗೆ ನಡೆದುಕೊಳ್ಳುತ್ತಾರೆ. ಹೆಜ್ಜೆಯ ಕುಣಿತದಲ್ಲಿ ಪಾಲುಗೊಳ್ಳುತ್ತಾರೆ. ಈ ಹಬ್ಬದಲ್ಲಿ ಹಾಡುವುದಕ್ಕಾಗಿ ಶರೀಫರು ಕರ್ಬಲಾದ ದುರಂತವನ್ನು ಕುರಿತು ಅನೇಕ ಪದಗಳನ್ನು ಕನ್ನಡದಲ್ಲಿ ರಚಿಸಿದರು. ಇವುಗಳಿಗೆ ರಿವಾಯತ್ ಪದಗಳೆಂದು ಹೆಸರು. ಪ್ರವಾದಿ ಮಹಮ್ಮದರ ಮೊಮ್ಮಗನಾದ ಹುಸೇನರು ಕ್ರಿ.ಶ. 680ರಲ್ಲಿ ನ್ಯಾಯಕ್ಕಾಗಿ ಪ್ರಾಣವನ್ನು ಕೊಟ್ಟ ಕಥೆಯು ಹೀಗೆ ಕನ್ನಡದ ರೈತರ ಬಾಯಲ್ಲಿ ಹಾಡಾಯಿತು. ಬಸವಣ್ಣ, ಅಲ್ಲಮರನ್ನು ಭಕ್ತಿಯಿಂದ ನೆನೆದ ಬಾಯಿಯೇ ಹಸನ ಹುಸೇನರನ್ನೂ ಕೊಂಡಾಡಿತು. ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕೆಂಬ ಭಾವನೆ ಶರೀಫರಲ್ಲಿ ಇರಲಿಲ್ಲ.

ಶರೀಫರ ಸಂಸಾರ ಜೀವನವು ಸುಖಮಯವಾಗಿರಲಿಲ್ಲ. ತಂದೆತಾಯಿಗಳ ಇಚ್ಛೆಯಂತೆ ಅವರು ಫಾತಿಮಾ ಎಂಬ ಕನ್ಯೆಯನ್ನು ವಿವಾಹವಾದರು. ಒಂದು ಹೆಣ್ಣು ಮಗುವೂ ಹುಟ್ಟಿತು. ಆದರೆ ಆ ಮಗು ಬಹುಕಾಲ ಬಾಳಲಿಲ್ಲ, ಪತ್ನಿಯೂ ತೀರಿಕೊಂಡರು. ಮನೆ ಬರಿದಾಯಿತು. ಬಡತನವಂತೂ ಮೊದಲಿನಿಂದಲೂ ಇದ್ದೇ ಇತ್ತು. ಇಂತಹ ದುಃಖದಲ್ಲಿ ಅವರಿಗೆ ಆಸರೆಯಾಗಿ ನಿಂತುದು ಗುರುವಿನ ಉಪದೇಶ. ಸಂಸಾರವು ಅಳಿಯುವಂಥದು, ಅದರೊಳಗಿನ ಪ್ರೀತಿ ಮಾತ್ರ ಉಳಿಯುವಂಥದು ಎಂಬುದನ್ನು ಅವರು ಕಂಡುಕೊಂಡರು. ಹಾಡು ಅವರ ಬಾಳಿನ ಉಸಿರಾಯಿತು.

ಶರೀಫರು ಹಾಡುಗಳನ್ನು ಬರೆಯಬೇಕೆಂದು ಕುಳಿತು ಬರೆದವರಲ್ಲ. ಕಣ್ಣೆದುರಿಗೆ ಕಂಡುದು ಥಟ್ಟನೆ ಪದವಾಗಿ ಬಾಯಿಂದ ಹೊರಡುತ್ತಿತ್ತು. ಮಳೆಗಾಲದಲ್ಲಿ ಸೋರುವ ಮಾಳಿಗೆ, ನೇಕಾರನ ಮಗ್ಗ, ಹಿತ್ತಲಿನ ಕೋಳಿ, ಬೀಸುವ ಕಲ್ಲು ಇವೆಲ್ಲವೂ ಅವರ ಪದಗಳಲ್ಲಿ ಬಂದಿವೆ. ಮೇಲುನೋಟಕ್ಕೆ ಅವು ಹಳ್ಳಿಯ ಸಾಮಾನ್ಯ ವಸ್ತುಗಳು. ಒಳಹೊಕ್ಕು ನೋಡಿದರೆ ಸೋರುವ ಮಾಳಿಗೆಯು ಅಜ್ಞಾನದಿಂದ ಶಿಥಿಲವಾದ ಮನಸ್ಸಾಗುತ್ತದೆ. ಮಗ್ಗವು ಮನುಷ್ಯನ ದೇಹವಾಗುತ್ತದೆ. ಓದು ಬಾರದ ಒಕ್ಕಲಿಗನಿಗೂ ಶಾಸ್ತ್ರ ಬಲ್ಲ ಪಂಡಿತನಿಗೂ ಆ ಪದಗಳು ಅವರವರ ಶಕ್ತಿಗೆ ತಕ್ಕಂತೆ ಅರ್ಥ ಕೊಡುತ್ತವೆ. ತಮ್ಮ ಪದಗಳಿಗೆ ಅವರು ಶಿಶುನಾಳಾಧೀಶ ಎಂಬ ಅಂಕಿತವನ್ನು ಇಟ್ಟುಕೊಂಡರು. ಹಲವು ಪದಗಳಲ್ಲಿ ಗುರು ಗೋವಿಂದನ ಸ್ಮರಣೆಯೂ ಬರುತ್ತದೆ. ಮುಸಲ್ಮಾನ ಕವಿಯ ಹಾಡಿನಲ್ಲಿ ಊರ ದೇವರ ಹೆಸರೂ ಬ್ರಾಹ್ಮಣ ಗುರುವಿನ ಹೆಸರೂ ಹೀಗೆ ಒಂದುಗೂಡಿವೆ. ಜನರು ಈ ಪದಗಳನ್ನು ಕೇಳಿ, ಕಲಿತು, ಭಜನೆಯ ಮೇಳಗಳಲ್ಲಿ ಹಾಡುತ್ತ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರು.

ಆ ಕಾಲದ ಅನೇಕ ಸಾಧುಸಂತರೊಡನೆ ಶರೀಫರಿಗೆ ಒಡನಾಟವಿತ್ತು. ನವಲಗುಂದದ ನಾಗಲಿಂಗಸ್ವಾಮಿಗಳು ಅವರ ಆತ್ಮೀಯರು. ಹುಬ್ಬಳ್ಳಿಯ ಸಿದ್ಧಾರೂಢರೂ ಗರಗದ ಮಡಿವಾಳಪ್ಪನವರೂ ಅವರ ಸಮಕಾಲೀನರು. ಬೇರೆ ಬೇರೆ ಕುಲಗಳಲ್ಲಿ ಹುಟ್ಟಿದ ಈ ಮಹನೀಯರು ಕುಲವನ್ನು ಮೀರಿದ ಬಾಳನ್ನು ಬಾಳಿದರು.

1889ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಶರೀಫರು ಶಿಶುನಾಳದಲ್ಲಿ ದೇಹವನ್ನು ಬಿಟ್ಟರು. ಅಂತ್ಯಕಾಲದಲ್ಲಿ ಶರಣರ ಸಂಪ್ರದಾಯದಂತೆ ಜಂಗಮರ ಪಾದವನ್ನು ತಲೆಯ ಮೇಲೆ ಇರಿಸಿಕೊಳ್ಳಬೇಕೆಂದು ಅವರು ಬಯಸಿದರೆಂದೂ, ಮೊದಲು ಹಿಂಜರಿಕೆ ಕಂಡುಬಂದರೂ ಕೊನೆಗೆ ಆ ಬಯಕೆ ಈಡೇರಿತೆಂದೂ ಹೇಳುತ್ತಾರೆ. ಅವರ ಮರಣಾನಂತರ ಊರವರ ಮುಂದೆ ಒಂದು ಪ್ರಶ್ನೆ ಬಂದು ನಿಂತಿತು. ಹುಟ್ಟಿನಿಂದ ಅವರು ಮುಸಲ್ಮಾನರು. ಬದುಕಿದುದು ಬ್ರಾಹ್ಮಣ ಗುರುವಿನ ಶಿಷ್ಯರಾಗಿ. ಹಾಡಿದುದು ಎಲ್ಲರ ದೇವರನ್ನೂ. ಅಂತ್ಯಸಂಸ್ಕಾರವನ್ನು ಯಾರ ವಿಧಿಯಂತೆ ನಡೆಸಬೇಕು? ಇಂತಹ ಪ್ರಶ್ನೆಯಿಂದ ಊರುಗಳು ಒಡೆದುಹೋಗುವುದುಂಟು. ಶಿಶುನಾಳವು ಒಡೆಯಲಿಲ್ಲ. ಒಂದು ಕಡೆ ಕುರಾನಿನ ಪಠಣ ನಡೆಯಿತು. ಇನ್ನೊಂದು ಕಡೆ ಹಿಂದೂಗಳು ತಮ್ಮ ವಿಧಿಯಂತೆ ಮಂತ್ರ ಹೇಳಿ ಪೂಜೆ ಸಲ್ಲಿಸಿದರು. ಎರಡು ಸಮಾಜಗಳವರೂ ಕೂಡಿ ಅವರನ್ನು ಮಣ್ಣಿಗೆ ಒಪ್ಪಿಸಿದರು. ಬಾಳಿನ ಉದ್ದಕ್ಕೂ ಶರೀಫರು ಹಾಡಿದುದನ್ನು ಅವರ ಊರು ಅಂದು ಆಚರಿಸಿ ತೋರಿಸಿತು.

ಶರೀಫರನ್ನು ಕನ್ನಡದ ಕಬೀರರೆಂದು ಕರೆಯುವುದು ವಾಡಿಕೆಯಾಗಿದೆ. ಈ ಹೋಲಿಕೆಯಲ್ಲಿ ಸತ್ಯವಿದೆ. ಉತ್ತರ ಭಾರತದ ಕಬೀರರೂ ಮುಸಲ್ಮಾನ ನೇಕಾರರ ಮನೆಯಲ್ಲಿ ಬೆಳೆದವರು. ಅವರೂ ರಾಮಾನಂದರನ್ನು ಗುರುವಾಗಿ ಪಡೆದರೆಂದು ಪ್ರತೀತಿ. ಕಬೀರರ ನೆನಪಿಗಾಗಿ ಮಗಹರದಲ್ಲಿ ಹಿಂದೂಗಳ ಸಮಾಧಿಯೊಂದು, ಮುಸಲ್ಮಾನರ ಗೋರಿಯೊಂದು ಅಕ್ಕಪಕ್ಕದಲ್ಲಿವೆ. ಶಿಶುನಾಳದಲ್ಲಿ ಎರಡು ಸಮಾಧಿಗಳಿಲ್ಲ. ಇರುವುದು ಒಂದೇ ಗದ್ದುಗೆ. ಹಣ್ಣುಕಾಯಿ ಮಾಡಿಸುವವರೂ ಸಕ್ಕರೆ ಓದಿಸುವವರೂ ಅಲ್ಲಿಗೇ ಬರುತ್ತಾರೆ. ಪ್ರತಿವರ್ಷ ನಡೆಯುವ ಜಾತ್ರೆಯಲ್ಲಿ ಸುತ್ತಲಿನ ಹಳ್ಳಿಗಳ ಜನರು ಭೇದವಿಲ್ಲದೆ ಸೇರುತ್ತಾರೆ.

ಕಾಲ ಕಳೆದಂತೆ ಶರೀಫರ ಪದಗಳು ಏಕತಾರಿ, ತಾಳಗಳ ಮೇಳದಿಂದ ಹೊರಟು ನಗರದ ವೇದಿಕೆಗಳಿಗೂ ಬಂದವು. ಸಿ. ಅಶ್ವತ್ಥ್ ಅವರಂತಹ ಗಾಯಕರು ಅವುಗಳಿಗೆ ಹೊಸ ರಾಗಗಳನ್ನು ಸಂಯೋಜಿಸಿ ನಾಡಿನ ಮನೆಮನೆಗೂ ಮುಟ್ಟಿಸಿದರು. 1990ರಲ್ಲಿ ಟಿ. ಎಸ್. ನಾಗಾಭರಣ ಅವರು ಶರೀಫರ ಜೀವನವನ್ನು ಕುರಿತು ಚಲನಚಿತ್ರವನ್ನು ನಿರ್ದೇಶಿಸಿದರು. ರಾಷ್ಟ್ರೀಯ ಭಾವೈಕ್ಯವನ್ನು ಸಾರುವ ಚಿತ್ರಗಳಿಗೆ ಮೀಸಲಾದ ರಾಷ್ಟ್ರಪ್ರಶಸ್ತಿ ಅದಕ್ಕೆ ದೊರೆಯಿತು.

ಗೋವಿಂದಭಟ್ಟರಾಗಲಿ ಶರೀಫರಾಗಲಿ ಸಂಘ ಸಂಸ್ಥೆಗಳನ್ನು ಕಟ್ಟಿದವರಲ್ಲ. ಹೊಸ ಮತವನ್ನು ಸ್ಥಾಪಿಸಿದವರೂ ಅಲ್ಲ. ಒಂದೇ ಜಗಲಿಯಲ್ಲಿ ಕುಳಿತು ಮಾತನಾಡಿದರು. ಒಂದೇ ದಾರಿಯಲ್ಲಿ ನಡೆದರು. ಒಬ್ಬರು ಇನ್ನೊಬ್ಬರಿಗಾಗಿ ನಿಂದೆಯನ್ನು ಸಹಿಸಿದರು. ಇಷ್ಟನ್ನು ಮಾಡಲು ದೊಡ್ಡ ಅಧಿಕಾರವೂ ಬೇಕಿಲ್ಲ, ಐಶ್ವರ್ಯವೂ ಬೇಕಿಲ್ಲ. ನೆರೆಮನೆಯವನನ್ನು ಅವನ ನಂಬಿಕೆಯೊಡನೆಯೇ ಪ್ರೀತಿಸುವ ಮನಸ್ಸಿದ್ದರೆ ಸಾಕು. ಆ ಮನಸ್ಸು ಅವರಿಬ್ಬರಲ್ಲಿ ಇದ್ದುದರಿಂದಲೇ, ಗುರುವಿನ ಹೆಸರನ್ನು ಹೇಳುವಾಗ ಶಿಷ್ಯನ ಹೆಸರೂ, ಶಿಷ್ಯನ ಹೆಸರನ್ನು ಹೇಳುವಾಗ ಗುರುವಿನ ಹೆಸರೂ ಕನ್ನಡಿಗರ ನಾಲಗೆಯ ಮೇಲೆ ಇಂದಿಗೂ ಜೊತೆಯಾಗಿಯೇ ಬರುತ್ತವೆ.